ಒಂದೇ ಎಸೆತದ ವಿದ್ಯೆ

ಬೆಂಗಳೂರಿನಿಂದ ದಕ್ಷಿಣಾಭಿಮುಖವಾಗಿ ಹೊರಟ ಹೆದ್ದಾರಿಯು ಹೊಸೂರು ಕೃಷ್ಣಗಿರಿಗಳನ್ನು ಹಿಂದಿಕ್ಕಿ, ಪೂರ್ವಕಾಲದಲ್ಲಿ ತಗಡೂರೆಂದು ಕರೆಯಿಸಿಕೊಂಡು ನೊಳಂಬ ಅರಸರ ಆಳ್ವಿಕೆಯನ್ನೂ ಅವರು ಬರೆಯಿಸಿದ ಕನ್ನಡ ಶಾಸನಗಳನ್ನೂ ಕಂಡಿರತಕ್ಕ ಧರ್ಮಪುರಿಯನ್ನು ಹಾದು, ಲಾರಿ ಚಾಲಕರೆಲ್ಲರೂ ಅಂಜುವ ತೊಪ್ಪೂರು ಘಟ್ಟದ ಇಳಿಜಾರನ್ನು ಇಳಿದು ಓಮಲೂರಿನ ಬಯಲಿಗೆ ಬಂದು ಸೇರಿತೆಂದರೆ, ಪ್ರಯಾಣಿಕನು ಮಗ್ಗಗಳ ಸೀಮೆಯನ್ನು ಪ್ರವೇಶಿಸಿದನೆಂದೇ ತಿಳಿಯಬೇಕು. ಮನೆಯೊಳಗೆ ಕನ್ನಡವನ್ನೋ ತೆಲುಗನ್ನೋ ಆಡುತ್ತ, ಬೀದಿಗೆ ಬಂದೊಡನೆ ತಮಿಳಿಗೆ ಹೊರಳುವ ದೇವಾಂಗ ನೇಕಾರರ ಕುಟುಂಬಗಳು ಸೇಲಂ ಪಟ್ಟಣದಲ್ಲಿ ಇಂದಿಗೂ ಇವೆ. ಕೈಮಗ್ಗ ಹಿಂದೆ ಸರಿದು ವಿದ್ಯುತ್ ಮಗ್ಗ ಮುಂದೆ ಬಂದ ಮೇಲೆಯೂ ಸುತ್ತಲಿನ ಹಲವು ಹಳ್ಳಿಗಳ ಅನ್ನದ ದಾರಿ ನೂಲಿನದೇ. ಕೈಲಾಸನಾಥ ದೇವಾಲಯದ ಶಿಲ್ಪವೈಭವಕ್ಕೆ ಹೆಸರಾದ ತಾರಮಂಗಲದ ಆ ಕಡೆಗೆ, ಸೇಲಂನಿಂದ ಮೂವತ್ತು ಕಿಲೋಮೀಟರಿಗೂ ಮಿಕ್ಕಿದ ದೂರದಲ್ಲಿ, ಚಿನ್ನಪ್ಪಂಪಟ್ಟಿ ಎಂಬ ಗ್ರಾಮವಿದೆ. 2020ನೆಯ ಇಸವಿಗೆ ಮುಂಚೆ ಈ ಗ್ರಾಮದ ಹೆಸರನ್ನು ಜಿಲ್ಲೆಯ ಹೊರಗಿನವರು ಕೇಳಿರಬೇಕಾದ ಕಾರಣ ಯಾವುದೂ ಇರಲಿಲ್ಲ.

ಕಾರಣವನ್ನು ಒದಗಿಸಿದವರು ಅದೇ ಊರಿನಲ್ಲಿ 1991ರಲ್ಲಿ ಹುಟ್ಟಿದ ತಂಗರಾಸು ನಟರಾಜನ್. ತಂದೆ ಸೀರೆ ನೇಯುವ ಕಾರ್ಖಾನೆಯಲ್ಲಿ ದಿನಗೂಲಿಯ ಕೆಲಸಗಾರರು. ತಾಯಿ ರಸ್ತೆಯ ಬದಿಯಲ್ಲಿ ಕೋಳಿಯ ಖಾದ್ಯ ಮಾರುವ ಸಣ್ಣ ಅಂಗಡಿಯನ್ನು ನಡೆಸುತ್ತಿದ್ದವರು. ಐವರು ಮಕ್ಕಳಲ್ಲಿ ಇವರೇ ಹಿರಿಯರು. ಕ್ರಿಕೆಟ್ಟಿನಲ್ಲಿ ದೇಶವನ್ನು ಪ್ರತಿನಿಧಿಸತಕ್ಕ ತರುಣರು ಹತ್ತು ಹನ್ನೆರಡನೆಯ ವಯಸ್ಸಿಗೇ ಗುರುಗಳ ಕೈಕೆಳಗೆ, ನೆಟ್‌ಗಳ ಒಳಗೆ, ಚರ್ಮದ ಚೆಂಡಿನೊಡನೆ ಪಳಗುವುದು ವಾಡಿಕೆಯಾಗಿರುವಾಗ, ಈತ ಇಪ್ಪತ್ತರ ಆಸುಪಾಸಿನವರೆಗೆ ಬಲ್ಲದ್ದು ಊರ ಬಯಲಿನ ಟೆನಿಸ್ ಚೆಂಡಿನ ಆಟವೊಂದನ್ನೇ. ಆ ಆಟದಿಂದ ಅವರು ಹೊತ್ತು ತಂದ ಬಂಡವಾಳವಾದರೂ ಏನು ಎಂದರೆ, ದಾಂಡಿಗನ ಕಾಲ್ಬೆರಳಿನ ಬಳಿಗೆ ಚೆಂಡನ್ನು ನೇರವಾಗಿ ಇಳಿಸುವ ಯಾರ್ಕರ್ ಎಂಬ ಒಂದೇ ಎಸೆತ. ಅವರಿಗೆ ಬೇರೆ ಎಸೆತಗಳು ಬರುವುದಿಲ್ಲವೆಂದು ಹೇಳಿದರೆ ಅನ್ಯಾಯವಾದೀತು. ಆದರೆ ಅವರನ್ನು ಕರೆದವರು, ಕೊಂಡವರು, ಕೊನೆಯ ಓವರಿನಲ್ಲಿ ಅವರ ಕೈಗೆ ಚೆಂಡನ್ನಿತ್ತವರು ಎಲ್ಲರೂ ಬಯಸಿದ್ದು ಆ ಒಂದನ್ನೇ.

ಒಂದೇ ಕೆಲಸವನ್ನು ಬಲ್ಲವನ ಬೆಲೆ ಎಷ್ಟು, ಅದನ್ನು ಅಳೆಯುವ ಬಗೆ ಯಾವುದು ಎಂಬ ಪ್ರಶ್ನೆ ಬಹುಕಾಲದಿಂದ ನನ್ನನ್ನು ಕಾಡಿದೆ. ಅದಕ್ಕೆ ಉತ್ತರವನ್ನು ಹುಡುಕುವುದಕ್ಕೆ ಚಿನ್ನಪ್ಪಂಪಟ್ಟಿಯಷ್ಟು ಅನುಕೂಲವಾದ ಸ್ಥಳ ನಮ್ಮ ನೆರೆಯಲ್ಲಿ ಮತ್ತೊಂದಿಲ್ಲ. ಆದರೆ ಹುಡುಕುತ್ತ ಹೋದರೆ ಕಾಲು ನಮ್ಮನ್ನು ಸಮುದ್ರದಾಚೆಯ ಅಮೆರಿಕಕ್ಕೂ, ಈಚೆಯ ಕುಮಟೆಗೂ ಕರೆದೊಯ್ಯುತ್ತದೆ.

ಯಾರ್ಕರಿನ ಲೆಕ್ಕವನ್ನು ಮೊದಲು ನೋಡೋಣ. ಗೂಟದಿಂದ ಗೂಟಕ್ಕೆ 22 ಗಜ, ಎಂದರೆ 20 ಮೀಟರಿಗಿಂತ ತುಸು ಹೆಚ್ಚು. ದಾಂಡಿಗನ ಮುಂಗೆರೆ ಗೂಟಗಳಿಂದ 4 ಅಡಿ ಈಚೆಗಿದೆ. ಗಂಟೆಗೆ 135 ಕಿಲೋಮೀಟರ್ ವೇಗದಲ್ಲಿ ಕೈಬಿಟ್ಟ ಚೆಂಡು ಆ ಗೆರೆಯನ್ನು ತಲುಪಲು ಹಿಡಿಯುವುದು ಹೆಚ್ಚುಕಡಿಮೆ ಅರ್ಧ ಸೆಕೆಂಡು. ಗೆರೆಯ ಮೇಲೆ, ದಾಂಡಿನ ಬುಡದಲ್ಲಿ, ಬೂಟಿನ ಪಕ್ಕದಲ್ಲಿ ಚೆಂಡು ನೆಲ ಮುಟ್ಟಿದರೆ ದಾಂಡಿಗನು ಎಷ್ಟೇ ಬಲಶಾಲಿಯಾಗಿದ್ದರೂ ದಾಂಡನ್ನು ಅದರ ಕೆಳಗೆ ತರಲಾರ. ಅದನ್ನು ತಡೆದನೆಂದರೆ ಅದೇ ಅವನ ಪುಣ್ಯ. ಆದರೆ ಅದೇ ಚೆಂಡು ಒಂದು ಮೊಳ ಹಿಂದೆ ಬಿದ್ದರೆ ಎತ್ತಿ ಬಾರಿಸುವುದಕ್ಕೆ ಹೇಳಿ ಮಾಡಿಸಿದ ಎಸೆತವಾಗುತ್ತದೆ, ಒಂದು ಮೊಳ ಮುಂದೆ ಹೋದರೆ ನೆಲವನ್ನೇ ಮುಟ್ಟದ ಫುಲ್‌ಟಾಸ್ ಆಗುತ್ತದೆ. ಎರಡರಲ್ಲಿ ಯಾವುದಾದರೂ ಚೆಂಡು ಪ್ರೇಕ್ಷಕರ ನಡುವೆ ಹೋಗಿ ಬೀಳುವುದು ಕಷ್ಟವಲ್ಲ. ಒಳ್ಳೆಯ ಎಸೆತಕ್ಕೂ ಅತಿ ಕೆಟ್ಟ ಎಸೆತಕ್ಕೂ ನಡುವೆ ಇಷ್ಟು ಇಕ್ಕಟ್ಟಾದ ಗಡಿ ಕ್ರಿಕೆಟ್ಟಿನ ಬೇರೆ ಯಾವ ವಿದ್ಯೆಯಲ್ಲಿಯೂ ಇದ್ದಂತೆ ನನಗೆ ತೋರುವುದಿಲ್ಲ. ಆದಕಾರಣವೇ ವೇಗಿಗಳಲ್ಲಿ ಬಹುಮಂದಿ ಇದನ್ನು ಬಲ್ಲೆವೆಂದು ಹೇಳಿದರೂ, ಇಪ್ಪತ್ತನೆಯ ಓವರಿನಲ್ಲಿ, ಕಿವಿ ಕಿವುಡಾಗುವ ಗದ್ದಲದ ನಡುವೆ, ಬೆವರಿದ ಬೆರಳುಗಳಿಂದ ಇದನ್ನು ಹಾಕುವ ಸಾಹಸಕ್ಕೆ ಕೈಹಾಕುವವರು ಕೆಲವರೇ.

ಟೆನಿಸ್ ಚೆಂಡಿನ ಬಯಲಿನಲ್ಲಿ ಈ ವಿದ್ಯೆ ಹುಟ್ಟುವುದಕ್ಕೆ ಬಲವಾದ ಕಾರಣವಿದೆ. ಆ ಚೆಂಡು ಹಗುರ, ಅದಕ್ಕೆ ಹೊಲಿಗೆಯಿಲ್ಲ, ಗಟ್ಟಿ ಮಣ್ಣಿನ ಮೇಲೆ ಅದು ಎದೆಯ ಮಟ್ಟಕ್ಕೆ ಪುಟಿದೇಳುತ್ತದೆ, ಪುಟಿದೆದ್ದ ಚೆಂಡನ್ನು ಹಳ್ಳಿಯ ದಾಂಡಿಗನು ಕಣ್ಣು ಮುಚ್ಚಿಕೊಂಡು ಬಾರಿಸಬಲ್ಲ. ಪುಟಿಯುವುದಕ್ಕೆ ಅವಕಾಶವನ್ನೇ ಕೊಡದಿರುವುದೊಂದೇ ಎಸೆಗಾರನಿಗೆ ಉಳಿದ ದಾರಿ. ಶ್ರೀಲಂಕೆಯ ಗಾಲೆಯ ಹತ್ತಿರದ ರತ್‌ಗಮದ ಕಡಲ ತೀರದಲ್ಲಿ ಲಸಿತ್ ಮಾಲಿಂಗ ಅವರು ಕಲಿತದ್ದೂ ಇದನ್ನೇ. ಪುಸ್ತಕದಲ್ಲಿ ಓದಿ ಅಥವಾ ಶಿಬಿರದಲ್ಲಿ ಕುಳಿತು ಕಲಿಯುವ ವಿದ್ಯೆ ಇದಲ್ಲ. ಬಡ ಬಯಲು ತನ್ನ ಅನಿವಾರ್ಯದಿಂದ ಕಲಿಸಿದ್ದು.

ಆದರೆ ಬಯಲಿನ ವಿದ್ಯೆ ಬಯಲಿನಲ್ಲೇ ಸವೆದುಹೋಗುವುದು ನಮ್ಮ ದೇಶದಲ್ಲಿ ಸಾಮಾನ್ಯ. ನಟರಾಜನ್ ಅವರ ವಿಷಯದಲ್ಲಿ ಹಾಗಾಗದಿದ್ದುದಕ್ಕೆ ಅದೇ ಊರಿನ ಎ. ಜಯಪ್ರಕಾಶ್ ಎಂಬವರ ಹಟ ಕಾರಣ. ಸ್ವತಃ ಆಟಗಾರರಾಗಿದ್ದ ಅವರು ಈ ಹುಡುಗನ ಎಡಗೈಯ ಬೆಲೆಯನ್ನು ಕಂಡುಕೊಂಡು ಚೆನ್ನೈಗೆ ಕರೆದೊಯ್ದು, ಅಲ್ಲಿನ ನಾಲ್ಕನೆಯ ದರ್ಜೆಯ ಲೀಗಿನಲ್ಲಿ ಬಿ.ಎಸ್.ಎನ್.ಎಲ್. ತಂಡಕ್ಕೆ ಸೇರಿಸಿದರು, ತರುವಾಯ ಶಿಷ್ಯನು ವಿಜಯ್ ಕ್ಲಬ್ಬಿಗೂ ಜಾಲಿ ರೋವರ್ಸ್ ತಂಡಕ್ಕೂ ಏರಿದ. ಋಣವನ್ನು ಮರೆಯದ ಶಿಷ್ಯನು ತನ್ನ ಅಂಗಿಯ ಬೆನ್ನ ಮೇಲೆ ಗುರುವಿನ ಹೆಸರಿನ ಮೊದಲಕ್ಷರಗಳನ್ನು ಸೇರಿಸಿ ‘ಜೆಪಿ ನಟ್ಟು’ ಎಂದು ಬರೆಯಿಸಿಕೊಂಡದ್ದನ್ನು ಟೆಲಿವಿಷನ್ನಿನಲ್ಲಿ ಕಂಡವರು ಅನೇಕರಿರಬಹುದು.

2015ರ ಜನವರಿಯಲ್ಲಿ ಕೋಲ್ಕತ್ತದ ಈಡನ್ ಗಾರ್ಡನ್ಸ್‌ನಲ್ಲಿ ಬಂಗಾಳದ ಎದುರಿಗೆ ತಮಿಳುನಾಡಿನ ಪರವಾಗಿ ಅವರು ಮೊದಲ ರಣಜಿ ಪಂದ್ಯವನ್ನಾಡಿದರು. ಅದರ ಬೆನ್ನಿಗೇ ಬಂದದ್ದು ವಿಪತ್ತು: ಅವರ ಎಸೆತದ ಶೈಲಿಯು ನಿಯಮಸಮ್ಮತವಲ್ಲವೆಂಬ ಶಂಕೆ ಎದ್ದಿತು. ಹತ್ತು ವಿದ್ಯೆಗಳನ್ನು ಬಲ್ಲವನಿಗೆ ಒಂದನ್ನು ಕಳೆದುಕೊಂಡರೆ ಇನ್ನೊಂಬತ್ತು ಉಳಿದಿರುತ್ತವೆ. ಒಂದನ್ನೇ ಬಲ್ಲವನಿಗೆ ಅದು ಹೋದರೆ ಉಳಿಯುವುದು ಊರಿಗೆ ಹಿಂದಿರುಗುವ ಬಸ್ಸಿನ ಚೀಟಿಯೊಂದೇ. ಸುನಿಲ್ ಸುಬ್ರಮಣಿಯನ್, ಡಿ. ವಾಸು, ಎಂ. ವೆಂಕಟರಮಣ ಮುಂತಾದ ಹಿರಿಯ ಆಟಗಾರರ ನೆರವಿನಿಂದ ಅವರು ತಮ್ಮ ತೋಳಿನ ಚಲನೆಯನ್ನು ಬಿಡಿಸಿ ಮತ್ತೆ ಕಟ್ಟಿದರು. ಹೀಗೆ ಕಟ್ಟಿದ ಮೇಲೆಯೂ ಆ ಎಸೆತ ಉಳಿದುಬಂತೆಂಬುದು ನನಗೆ ಅವರ ಎಲ್ಲ ವಿಕೆಟ್ಟುಗಳಿಗಿಂತ ದೊಡ್ಡ ಸಾಧನೆಯಾಗಿ ಕಾಣುತ್ತದೆ. 2016ರ ತಮಿಳುನಾಡು ಪ್ರೀಮಿಯರ್ ಲೀಗಿನಲ್ಲಿ ದಿಂಡಿಗಲ್ ಡ್ರ್ಯಾಗನ್ಸ್ ತಂಡಕ್ಕಾಗಿ ಒಂದು ಸೂಪರ್ ಓವರಿನ ಆರೂ ಎಸೆತಗಳನ್ನು ಯಾರ್ಕರುಗಳಾಗಿಯೇ ಹಾಕಿದಾಗ, ಐ.ಪಿ.ಎಲ್. ತಂಡಗಳ ಗುಮಾಸ್ತರು ಲೆಕ್ಕದ ಪುಸ್ತಕವನ್ನು ತೆರೆದರು. ಮರುವರ್ಷದ ಹರಾಜಿನಲ್ಲಿ 10 ಲಕ್ಷದ ಮೂಲಬೆಲೆಯ ಈ ಆಟಗಾರನನ್ನು ಪಂಜಾಬ್ ತಂಡವು 3 ಕೋಟಿ ರೂಪಾಯಿಗಳಿಗೆ ಕೊಂಡಿತು.

ಇಲ್ಲಿ ಅಮೆರಿಕದ ಪ್ರಸ್ತಾಪವನ್ನು ತರಬೇಕಾಗಿದೆ. ಅಂಡಾಕಾರದ ಚೆಂಡನ್ನು ಅಪ್ಪಿಕೊಂಡು ಓಡಿಯೂ ಕೈಯಿಂದ ಎಸೆದೂ ಎದುರಾಳಿಯ ನೆಲವನ್ನು ಗಜಗಜವಾಗಿ ವಶಪಡಿಸಿಕೊಳ್ಳುವ ಆ ದೇಶದ ಫುಟ್‌ಬಾಲಿನಲ್ಲಿ ಕಾಲಿನಿಂದ ಒದೆಯುವ ಪ್ರಸಂಗಗಳು ಎರಡು ಮೂರೇ: ಮುನ್ನಡೆ ಸಾಗದಾದಾಗ ಚೆಂಡನ್ನು ದೂರಕ್ಕೆ ಅಟ್ಟುವ ಪಂಟ್ ಒಂದು, ಎರಡು ಕಂಬಗಳ ನಡುವೆ ಹಾಯಿಸಿ ಮೂರು ಅಂಕಗಳನ್ನು ಪಡೆಯುವ ಫೀಲ್ಡ್ ಗೋಲ್ ಇನ್ನೊಂದು. ಇವೆರಡರಲ್ಲಿಯೂ ಒದೆಯುವವನ ಹೆಸರು ಪ್ರೇಕ್ಷಕರಿಗೆ ಗೊತ್ತು. ಆದರೆ ಚೆಂಡು ಅವನ ಬಳಿಗೆ ಬರುವುದು ಹೇಗೆ? ಸಾಲಿನ ನಡುವೆ ಬಾಗಿ ನಿಂತು, ತನ್ನೆರಡು ಕಾಲುಗಳ ಸಂದಿನಿಂದ ಜಗತ್ತನ್ನು ತಲೆಕೆಳಗಾಗಿ ನೋಡುತ್ತ, ಸುಮಾರು 400 ಗ್ರಾಂ ತೂಕದ ಆ ಚೆಂಡನ್ನು ತಿರುಗಣೆಯ ವೇಗದಲ್ಲಿ ಹಿಂದಕ್ಕೆ ಕಳುಹಿಸುವ ಒಬ್ಬ ಆಟಗಾರನಿದ್ದಾನೆ. ಅವನೇ ಲಾಂಗ್ ಸ್ನ್ಯಾಪರ್. ಪಂಟ್ ಒದೆಯುವವನು ಅವನಿಂದ 15 ಗಜ ಹಿಂದೆ ನಿಂತಿರುತ್ತಾನೆ. ಚೆಂಡು ಆ ದೂರವನ್ನು ಮುಕ್ಕಾಲು ಸೆಕೆಂಡಿನೊಳಗೆ ಕ್ರಮಿಸಿ ಅವನ ಸೊಂಟದ ಮಟ್ಟದಲ್ಲಿ ಕೈಸೇರಬೇಕು. ಫೀಲ್ಡ್ ಗೋಲಿನಲ್ಲಿ ದೂರ ಅದರ ಅರ್ಧ, ಸೂಕ್ಷ್ಮತೆ ಇಮ್ಮಡಿ: ಮಂಡಿಯೂರಿ ಕುಳಿತವನು ಚೆಂಡನ್ನು ಹಿಡಿದು ನೆಲಕ್ಕೂರಿಸಿದಾಗ ಅದರ ಹೊಲಿಗೆಯ ಲಾಡಿಗಳು ಒದೆಯುವವನ ಕಡೆಗೆ ತಿರುಗಿರಬಾರದಾದ್ದರಿಂದ, ನಿಪುಣನಾದ ಸ್ನ್ಯಾಪರನು ಚೆಂಡು ಗಾಳಿಯಲ್ಲಿ ಎಷ್ಟು ಸುತ್ತು ತಿರುಗಬೇಕೆಂಬುದನ್ನೂ ಮೊದಲೇ ಎಣಿಸಿರುತ್ತಾನೆ. ಸ್ನ್ಯಾಪಿನಿಂದ ಒದೆತದವರೆಗೆ ಇಡೀ ವ್ಯಾಪಾರಕ್ಕೆ ದೊರೆಯುವ ಕಾಲ ಸುಮಾರು 1.3 ಸೆಕೆಂಡು. ಚೆಂಡು ಕೈಬಿಟ್ಟ ಮರುಕ್ಷಣದಲ್ಲಿಯೇ ಸ್ನ್ಯಾಪರನು ತಲೆಯೆತ್ತಿ, ಮೇಲೆ ಬೀಳುವ ಭೀಮಕಾಯರನ್ನು ತಡೆಯಬೇಕು.

ಒಂದು ಪಂದ್ಯದಲ್ಲಿ ಇಂಥ ಸಂದರ್ಭ ಸುಮಾರಾಗಿ ಹತ್ತು ಹನ್ನೆರಡು ಬಾರಿ ಬರುತ್ತದೆ. ಅಷ್ಟಕ್ಕಾಗಿ ಆ ದೇಶದ ವೃತ್ತಿಪರ ತಂಡಗಳು ತಮ್ಮ 53 ಆಟಗಾರರ ಪಟ್ಟಿಯಲ್ಲಿ ಒಂದು ಸ್ಥಾನವನ್ನು ಈ ಒಬ್ಬನಿಗಾಗಿಯೇ ಕಾದಿರಿಸುತ್ತವೆ. ಮಿತವ್ಯಯಿಯಾದ ಯಾವನಾದರೂ ಲೆಕ್ಕಿಗನು ಇದನ್ನು ದುಂದುಗಾರಿಕೆಯೆಂದು ಕರೆದಾನು. ತಂಡದಲ್ಲಿ ಬಲಿಷ್ಠರೂ ಚತುರರೂ ಇನ್ನೂ 52 ಮಂದಿ ಇರುವಾಗ, ಚೆಂಡನ್ನು ಹಿಂದಕ್ಕೆ ಎಸೆಯುವುದಕ್ಕೆ ಅವರಲ್ಲೊಬ್ಬನು ಸಾಲನೆ?

ಸಾಲನು ಎಂಬುದನ್ನು 2008ರ ಅಕ್ಟೋಬರ್ 26ರಂದು ಪಿಟ್ಸ್‌ಬರ್ಗಿನ ಸ್ಟೀಲರ್ಸ್ ತಂಡವು ಕಂಡುಕೊಂಡಿತು. ಆ ದಿನ ಅವರ ಸ್ನ್ಯಾಪರ್ ಗ್ರೆಗ್ ವಾರನ್ ಗಾಯಗೊಂಡು ಹೊರನಡೆದಾಗ, ತಾನು ಮಾಡುವೆನೆಂದು ಮುಂದೆ ಬಂದವರು ಜೇಮ್ಸ್ ಹ್ಯಾರಿಸನ್. ಆ ವರ್ಷ ಇಡೀ ಲೀಗಿನ ರಕ್ಷಣಾ ಆಟಗಾರರಲ್ಲಿಯೇ ಶ್ರೇಷ್ಠನೆಂಬ ಪ್ರಶಸ್ತಿಯನ್ನು ಪಡೆದ ಮಹಾವೀರ. ಅವರು ಕಳುಹಿಸಿದ ಚೆಂಡು ಒದೆಯುವವನ ತಲೆಯ ಮೇಲೆ ಹಾರಿ ಅಂಕಣದ ಆಚೆಗೆ ಹೋಯಿತು. ಎದುರಾಳಿ ನ್ಯೂಯಾರ್ಕ್ ಜೈಂಟ್ಸ್‌ಗೆ ಎರಡು ಅಂಕಗಳು ದಕ್ಕಿ ಪಂದ್ಯ 14-14ಕ್ಕೆ ಸಮವಾಯಿತು. ಕಡೆಗೆ ಸ್ಟೀಲರ್ಸ್ 21-14ರಿಂದ ಸೋತರು. ಶ್ರೇಷ್ಠತೆಯು ಒಂದು ಕೆಲಸದಿಂದ ಇನ್ನೊಂದಕ್ಕೆ ತಾನಾಗಿಯೇ ಹರಿದುಹೋಗುವುದೆಂಬ ನಮ್ಮ ನಂಬಿಕೆಗೆ ಇದಕ್ಕಿಂತ ಸ್ಪಷ್ಟವಾದ ಖಂಡನೆ ಬೇಕೆ? ವಾರನ್ ಅವರ ಸ್ಥಾನಕ್ಕೆ ತಂಡವು ಕರೆತಂದದ್ದು, ಅವಕಾಶವಿಲ್ಲದೆ ಮನೆಸಾಮಾನು ಸಾಗಿಸುವ ಕೆಲಸ ಮಾಡುತ್ತಿದ್ದ ಜೇರೆಡ್ ರೆಟ್ಕೋಫ್ಸ್ಕಿ ಎಂಬ ಸ್ನ್ಯಾಪರನನ್ನು. ಆ ಋತುವಿನ ಕೊನೆಗೆ ತಂಡವು ಲೀಗಿನ ಅಂತಿಮ ಪಂದ್ಯವಾದ ಸೂಪರ್ ಬೌಲನ್ನು ಗೆದ್ದುಕೊಂಡಿತು. 2012ರ ಸೆಪ್ಟೆಂಬರಿನಲ್ಲಿ ಓಕ್ಲೆಂಡಿನ ರೇಡರ್ಸ್ ತಂಡಕ್ಕೂ ಇದೇ ಪಾಠವಾಯಿತು: ಜಾನ್ ಕಾಂಡೋ ತಲೆಗೆ ಪೆಟ್ಟು ಬಿದ್ದು ಹೊರಗಾದ ಮೇಲೆ ಬದಲಿಯಾಗಿ ಬಂದವನ ಚೆಂಡು ನೆಲದ ಮೇಲೆ ಉರುಳುತ್ತ ಹೋಯಿತು, ಪಂದ್ಯ ಕೈಬಿಟ್ಟಿತು.

ಎಲ್ಲಕ್ಕಿಂತ ಕರುಣಾಜನಕವಾದದ್ದು ಟ್ರೇ ಜಂಕಿನ್ ಅವರ ಪ್ರಕರಣ. 1983ರಿಂದ ಎರಡು ದಶಕಗಳ ಕಾಲ ಆಡಿ ನಿವೃತ್ತರಾಗಿದ್ದ ಈ ಸ್ನ್ಯಾಪರನನ್ನು, ತಮ್ಮವರು ಗಾಯಗೊಂಡರೆಂಬ ಕಾರಣದಿಂದ, ಜೈಂಟ್ಸ್ ತಂಡದವರು 41ರ ವಯಸ್ಸಿನಲ್ಲಿ ಮತ್ತೆ ಕರೆಸಿಕೊಂಡರು. 2003ರ ಜನವರಿ 5ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ನಡೆದ ನಿರ್ಣಾಯಕ ಪಂದ್ಯದಲ್ಲಿ 38-14ರ ಮುನ್ನಡೆಯನ್ನು ಬಿಟ್ಟುಕೊಟ್ಟು 39-38ರಿಂದ ಹಿಂದೆ ಬಿದ್ದಿದ್ದ ಜೈಂಟ್ಸ್‌ಗೆ, ಕಡೆಯ ಕೆಲವೇ ಸೆಕೆಂಡುಗಳಲ್ಲಿ ಒಂದು ಫೀಲ್ಡ್ ಗೋಲಿನ ಅವಕಾಶ ಉಳಿದಿತ್ತು. ಜಂಕಿನ್ ಕಳುಹಿಸಿದ ಚೆಂಡು ಕೆಳಮಟ್ಟದಲ್ಲಿ ಬಂದು ಕೈಗೆ ಸರಿಯಾಗಿ ಸಿಗಲಿಲ್ಲ, ಒದೆತವೇ ನಡೆಯಲಿಲ್ಲ. ಆ ಗೊಂದಲದಲ್ಲಿ ಎದುರಾಳಿಯ ತಪ್ಪಿಗೆ ಶಿಕ್ಷೆ ವಿಧಿಸಬೇಕಾಗಿತ್ತೆಂದು ಲೀಗಿನ ಅಧಿಕಾರಿಗಳೇ ಮರುದಿನ ಒಪ್ಪಿಕೊಂಡರು. 24 ಅಂಕಗಳ ಮುನ್ನಡೆಯನ್ನು ಕಳೆದವರು ಇಡೀ ತಂಡದವರು. ತಪ್ಪು ತೀರ್ಪು ಕೊಟ್ಟವರು ಪಂಚರು. ಆದರೆ ಜನರ ಬಾಯಲ್ಲಿ ಉಳಿದ ಹೆಸರು ಜಂಕಿನ್ ಅವರದೊಂದೇ. ಎರಡು ದಶಕಗಳ ಕಾಲ ನೇರವಾಗಿ ಬಂದ ಸಾವಿರಾರು ಚೆಂಡುಗಳಲ್ಲಿ ಒಂದನ್ನಾದರೂ ಯಾರೂ ನೆನಪಿಟ್ಟುಕೊಳ್ಳಲಿಲ್ಲ.

ಸೇಲಂ ಸೀಮೆಯ ನೇಯ್ಗೆಯವರಿಗೆ ಇದು ಹೊಸ ವಿಷಯವಲ್ಲ. ಮಗ್ಗದ ಮೇಲಿನ ಹಾಸು ಮುಗಿಯುತ್ತ ಬಂದಾಗ ಹೊಸ ಹಾಸಿನ ಸಾವಿರಾರು ಎಳೆಗಳನ್ನು ಹಳೆಯದರ ತುದಿಗೆ ಒಂದೊಂದಾಗಿ ಹೊಸೆದು ಕೂಡಿಸುವ ಕೆಲಸಕ್ಕೆ ಕೈ ಪಳಗಿದವರನ್ನೇ ಕರೆಯುವುದುಂಟು. ಅವರು ನೇಯುವುದಿಲ್ಲ, ಬಣ್ಣ ಹಾಕುವುದಿಲ್ಲ, ಸೀರೆ ಮಾರುವುದಿಲ್ಲ. ಸೀರೆಯನ್ನು ಮೆಚ್ಚಿದವರು ನೇಕಾರನನ್ನು ಹೊಗಳುತ್ತಾರೆ; ಎಳೆ ತಪ್ಪಿ ಅರಿವೆಯಲ್ಲಿ ಗೆರೆ ಕಂಡರೆ ಮಾತ್ರ ಕೂಡಿಸಿದವರು ಯಾರೆಂಬ ವಿಚಾರಣೆ ಏಳುತ್ತದೆ.

ಹೀಗೆ ಕೊರತೆಯಲ್ಲಿ ಮಾತ್ರ ಕಾಣತಕ್ಕ ವಸ್ತುವಿಗೆ ಬೆಲೆ ಕಟ್ಟುವುದು ಹೇಗೆ? ಸ್ನ್ಯಾಪರನು ಗೆದ್ದುಕೊಡುವ ಅಂಕಗಳನ್ನು ಎಣಿಸಹೊರಟರೆ ಸೊನ್ನೆಯೇ ಸಿಗುತ್ತದೆ. ಏಕೆಂದರೆ ಅಂಕಗಳೆಲ್ಲವೂ ಒದೆಯುವವನ ಖಾತೆಗೆ ಜಮೆಯಾಗುತ್ತವೆ. ಅವನ ನಿಜವಾದ ದೇಣಿಗೆ ಇರುವುದು ಇನ್ನೊಬ್ಬನ ಮನಸ್ಸಿನಲ್ಲಿ. ಚೆಂಡು ಎಲ್ಲಿಗೆ ಬಂದೀತೋ ಎಂಬ ಸಂದೇಹ ಒದೆಯುವವನಲ್ಲಿ ಒಂದು ಕಣದಷ್ಟಿದ್ದರೂ ಅವನ ಹೆಜ್ಜೆ ತಡವರಿಸುತ್ತದೆ. ಆ ಸಂದೇಹವನ್ನು ಸಂಪೂರ್ಣವಾಗಿ ಅಳಿಸಿಹಾಕುವುದೇ ಸ್ನ್ಯಾಪರನ ಉದ್ಯೋಗ. ಕೊನೆಯ ಓವರಿನ ಪರಿಣತನೂ ವಸ್ತುತಃ ಇದನ್ನೇ ಮಾಡುತ್ತಾನೆ. ಇಪ್ಪತ್ತನೆಯ ಓವರನ್ನು ಹಾಕುವವನೊಬ್ಬನು ಇದ್ದಾನೆಂಬ ಧೈರ್ಯವಿದ್ದರೆ ನಾಯಕನು ತನ್ನ ಉತ್ತಮ ಎಸೆಗಾರರನ್ನು ನಡುವಿನಲ್ಲಿಯೇ ನಿಸ್ಸಂಕೋಚವಾಗಿ ಬಳಸಬಲ್ಲ. ಆ ಧೈರ್ಯದಿಂದ ಹದಿನೈದನೆಯ ಓವರಿನಲ್ಲಿ ಬಿದ್ದ ವಿಕೆಟ್ಟಿಗೆ ಇಪ್ಪತ್ತನೆಯ ಓವರಿನವನ ಹೆಸರನ್ನು ಯಾವ ಅಂಕಿಪಟ್ಟಿಯೂ ಬರೆಯುವುದಿಲ್ಲ.

ಈ ಪರಹಿತದ ವಿದ್ಯೆಗೆ ನಮ್ಮ ಕನ್ನಡ ನಾಡಿನಲ್ಲೇ ಇನ್ನೂ ಶುದ್ಧವಾದ ಉದಾಹರಣೆಯೊಂದಿದೆ. ಉತ್ತರ ಕನ್ನಡದ ಕುಮಟೆಯಿಂದ ಬಂದ ರಾಘವೇಂದ್ರ ಅವರು, ತಂಡದವರೆಲ್ಲರ ಬಾಯಲ್ಲಿ ಬರಿಯ ‘ರಘು’, ಹತ್ತು ವರ್ಷಗಳಿಗೂ ಮಿಕ್ಕಿ ಭಾರತ ತಂಡದೊಡನೆ ದೇಶದೇಶಗಳನ್ನು ತಿರುಗಿದ್ದಾರೆ. ಆದರೆ ಒಂದು ಪಂದ್ಯವನ್ನೂ ಆಡಿದವರಲ್ಲ. ಸೌಟಿನಂತೆ ತುದಿಯಲ್ಲಿ ಕುಳಿಯುಳ್ಳ, ಉದ್ದ ಹಿಡಿಯ ಸೈಡ್‌ಆರ್ಮ್ ಎಂಬ ಸಾಧನದಿಂದ ಅಭ್ಯಾಸದ ವೇಳೆಯಲ್ಲಿ ದಾಂಡಿಗರಿಗೆ ಚೆಂಡನ್ನು ಬೀಸಿ ಎಸೆಯುವುದು ಅವರ ಕಾಯಕ. ಗಂಟೆಗೆ 150 ಕಿಲೋಮೀಟರಿಗೂ ಮೀರಿದ ಅವರ ಎಸೆತಗಳನ್ನು ಎದುರಿಸಿದ ಮೇಲೆ ಪಂದ್ಯದ ವೇಗಿಗಳು ನಿಧಾನವೆನಿಸುತ್ತಾರೆಂದೂ, 2013ರಿಂದ ಈಚೆಗೆ ಭಾರತದ ದಾಂಡಿಗರು ವೇಗದ ಎಸೆತಗಳನ್ನು ಆಡುವುದರಲ್ಲಿ ಕಂಡ ಸುಧಾರಣೆಗೆ ರಘುವೇ ಕಾರಣವೆಂದೂ ವಿರಾಟ್ ಕೊಹ್ಲಿ ಅವರು 2020ರಲ್ಲಿ ಬಹಿರಂಗವಾಗಿ ಹೇಳಿದರು. ಆಡಿದವರ ಶತಕಗಳು ಅವರವರ ಹೆಸರಿನಲ್ಲಿವೆ. ರಘು ಅವರ ಹೆಸರಿನಲ್ಲಿ ಯಾವ ಅಂಕಿಯೂ ಇಲ್ಲ. 2022ರ ನವೆಂಬರಿನಲ್ಲಿ ಅಡಿಲೇಡಿನಲ್ಲಿ ಮಳೆ ಬಂದು ನಿಂತ ಮೇಲೆ, ಬಾಂಗ್ಲಾದೇಶದ ವಿರುದ್ಧ ಒದ್ದೆ ಮೈದಾನದಲ್ಲಿ ಆಡುತ್ತಿದ್ದವರ ಬೂಟಿನ ತಳಕ್ಕೆ ಮೆತ್ತಿದ ಕೆಸರನ್ನು ತೆಗೆಯಲೆಂದು ಕೈಯಲ್ಲಿ ಬ್ರಷ್ ಹಿಡಿದು ಅವರು ಗಡಿಗೆರೆಯ ಸುತ್ತ ಓಡಾಡಿದ ದೃಶ್ಯವನ್ನು ಜನ ಮೆಚ್ಚಿದರು. ಭಾರತ ಗೆದ್ದದ್ದು 5 ರನ್ನುಗಳಿಂದ. ಮೆಚ್ಚಿಕೆ ಸಲ್ಲಬೇಕಾದದ್ದೇ, ಆದರೆ ಅವರ ವಿದ್ಯೆಯನ್ನು ಬಿಟ್ಟು ಅವರ ಬ್ರಷ್ಷನ್ನು ನಾವು ಕಂಡೆವೆಂಬುದು ನಮ್ಮ ನೋಟದ ಮಿತಿಯನ್ನು ತೋರಿಸುತ್ತದೆ.

ಚಿನ್ನಪ್ಪಂಪಟ್ಟಿಯ ಕಥೆಗೆ ಮರಳೋಣ. ಪಂಜಾಬ್ ತಂಡದಲ್ಲಿ ಆರು ಪಂದ್ಯಗಳನ್ನಾಡಿದ ನಟರಾಜನ್ ಅವರನ್ನು 2018ರಲ್ಲಿ ಹೈದರಾಬಾದಿನ ಸನ್‌ರೈಸರ್ಸ್ ತಂಡದವರು 40 ಲಕ್ಷಕ್ಕೆ ಕೊಂಡು, ಎರಡು ಋತುಗಳ ಕಾಲ ಒಂದು ಪಂದ್ಯದಲ್ಲಿಯೂ ಆಡಿಸಲಿಲ್ಲ. 2020ರಲ್ಲಿ ಆಟ ಅರಬ್ ದೇಶಕ್ಕೆ ಹೋದಾಗ ಅವಕಾಶ ಬಂದಿತು: 16 ಪಂದ್ಯ, 16 ವಿಕೆಟ್, ಆ ಋತುವಿನಲ್ಲಿ ಬೇರಾರೂ ಹಾಕದಷ್ಟು ಯಾರ್ಕರುಗಳು. ನವೆಂಬರ್ 6ರಂದು ಅಬುಧಾಬಿಯಲ್ಲಿ, ಬೆಂಗಳೂರಿನ ತಂಡವನ್ನು ಒಬ್ಬರೇ ಹೊತ್ತು ನಿಂತಿದ್ದ ಎ.ಬಿ. ಡಿವಿಲಿಯರ್ಸ್ ಅವರ ಗೂಟವನ್ನು ಅಂಥದೊಂದು ಎಸೆತದಿಂದ ಕಿತ್ತಾಗ, ಬೆಂಗಳೂರಿನ ಅಭಿಮಾನಿಗಳು ಈ ಹೆಸರನ್ನು ನೋವಿನಿಂದಲೇ ಕಲಿತರು.

ಭಾರತ ತಂಡದವರು ಆಸ್ಟ್ರೇಲಿಯಾಕ್ಕೆ ಅವರನ್ನು ಕರೆದೊಯ್ದದ್ದು ಆಟಗಾರನಾಗಿ ಅಲ್ಲ, ಅಭ್ಯಾಸಕ್ಕೆ ಎಸೆಯುವ ನೆಟ್ ಬೌಲರನಾಗಿ. ಒಬ್ಬೊಬ್ಬರಾಗಿ ಗಾಯಗೊಂಡು ಹಿಂದೆ ಸರಿದಂತೆಲ್ಲ ಅವರ ಸ್ಥಾನ ಮುಂದೆ ಬಂದಿತು: 2020ರ ಡಿಸೆಂಬರ್ 2ರಂದು ಕ್ಯಾನ್‌ಬೆರಾದಲ್ಲಿ ಮೊದಲ ಏಕದಿನ ಪಂದ್ಯ, 4ರಂದು ಅಲ್ಲಿಯೇ ಮೊದಲ ಟಿ-20, 30 ರನ್ನಿಗೆ 3 ವಿಕೆಟ್, 2021ರ ಜನವರಿ 15ರಂದು ಬ್ರಿಸ್ಬೇನಿನಲ್ಲಿ ಮೊದಲ ಟೆಸ್ಟ್. ಒಂದೇ ಪ್ರವಾಸದಲ್ಲಿ ಮೂರು ಬಗೆಯ ಆಟಗಳಿಗೂ ಪಾದಾರ್ಪಣೆ ಮಾಡಿದ ಭಾರತೀಯ ಅವರಿಗಿಂತ ಮೊದಲು ಯಾರೂ ಇರಲಿಲ್ಲ. ಟೆಸ್ಟ್ ಆಡಿದ ಭಾರತೀಯರ ಸಾಲಿನಲ್ಲಿ ಅವರು 300ನೆಯವರು. ಯಾರ್ಕರಿನವನೆಂದು ಹೆಸರಾದವರು ಆ ಟೆಸ್ಟಿನ ಮೊದಲ ಸರದಿಯಲ್ಲಿ 78 ರನ್ನಿಗೆ 3 ವಿಕೆಟ್ ಪಡೆದರು. 1988ರಿಂದ ಆಸ್ಟ್ರೇಲಿಯಾ ಸೋತೇ ಇರದ ಆ ಮೈದಾನದಲ್ಲಿ ಜನವರಿ 19ರಂದು ಭಾರತ ಗೆದ್ದಿತು. ಸರಣಿಯ ಪಾರಿತೋಷಕವನ್ನು ನಾಯಕ ಅಜಿಂಕ್ಯ ರಹಾನೆ ಮೊದಲು ನೀಡಿದ್ದು ನಟರಾಜನ್ ಅವರ ಕೈಗೆ. ಊರಿಗೆ ಮರಳಿದಾಗ ಅವರನ್ನು ಸಾರೋಟಿನಲ್ಲಿ ಕುಳ್ಳಿರಿಸಿ ಮೆರವಣಿಗೆ ಮಾಡಿದರು.

ವಿಶೇಷ ಪರಿಣತನು ಹುಟ್ಟುವುದು ಪ್ರತಿಭೆಯಿಂದ ಮಾತ್ರವಲ್ಲ, ಆಟದ ನಿಯಮದಿಂದಲೂ ಹೌದೆಂಬುದನ್ನು ಇಲ್ಲಿ ಹೇಳಬೇಕು. ಅಮೆರಿಕದ ವೃತ್ತಿಪರ ಲೀಗು 1950ರಲ್ಲಿ ಆಟಗಾರರನ್ನು ಎಷ್ಟು ಸಲವಾದರೂ ಬದಲಾಯಿಸಬಹುದೆಂಬ ನಿಯಮವನ್ನು ಸ್ಥಿರಗೊಳಿಸದಿದ್ದರೆ ಲಾಂಗ್ ಸ್ನ್ಯಾಪರನೆಂಬ ಪ್ರಾಣಿಯೇ ಇರುತ್ತಿರಲಿಲ್ಲ. ಅದಾದ ಮೇಲೂ ದಶಕಗಳ ಕಾಲ ಬೇರೆ ಸ್ಥಾನದವರೇ ಈ ಕೆಲಸವನ್ನು ಜೊತೆಯಲ್ಲಿ ನಿರ್ವಹಿಸುತ್ತಿದ್ದು, ತಂಡಗಳ ಪಟ್ಟಿ ಹಿಗ್ಗಿದಂತೆ ಅದು ಸ್ವತಂತ್ರ ಉದ್ಯೋಗವಾಯಿತು. ಕ್ರಿಕೆಟ್ಟಿನಲ್ಲಿ ಹನ್ನೊಂದು ಮಂದಿಯೇ ಎಲ್ಲವನ್ನೂ ಮಾಡಬೇಕು. ನಾಲ್ಕು ಓವರ್ ಎಸೆಯುವವನೂ ಇಪ್ಪತ್ತು ಓವರ್ ಕ್ಷೇತ್ರರಕ್ಷಣೆ ಮಾಡಬೇಕು, ಹನ್ನೊಂದನೆಯವನಾಗಿಯಾದರೂ ದಾಂಡು ಹಿಡಿದು ಬರಬೇಕು. 2023ರಲ್ಲಿ ಐ.ಪಿ.ಎಲ್. ತಂದ ಇಂಪ್ಯಾಕ್ಟ್ ಪ್ಲೇಯರ್ ನಿಯಮವು ಒಬ್ಬನನ್ನು ನಡುವೆ ಬದಲಾಯಿಸುವ ಅವಕಾಶವನ್ನಿತ್ತು, ದಾಂಡು ಹಿಡಿಯಲಾರದ ಎಸೆಗಾರನಿಗೆ ದಾರಿಯನ್ನು ಅಗಲಗೊಳಿಸಿತು. ಇದರಿಂದ ಸರ್ವಾಂಗಿಗಳಿಗೆ ಹಾನಿಯೆಂದು ರೋಹಿತ್ ಶರ್ಮಾ ಅವರು ಆಕ್ಷೇಪಿಸಿದ್ದಾರೆ. ಅದರಲ್ಲಿ ಸತ್ಯವಿಲ್ಲವೆನ್ನಲಾರೆ. ಆದರೆ ಎಲ್ಲವನ್ನೂ ತುಸುತುಸು ಬಲ್ಲವನನ್ನು ಗೌರವಿಸುವುದಕ್ಕಾಗಿ ಒಂದನ್ನು ಪೂರ್ತಿಯಾಗಿ ಬಲ್ಲವನನ್ನು ಹೊರಗಿಡುವುದೂ ಒಂದು ಬಗೆಯ ಹಾನಿಯೇ.

ಬೆಲೆಯ ಮಾತಿಗೆ ಬಂದರೆ, ಅದೇ ಎಡಗೈಗೆ ಅದೇ ಎಸೆತಕ್ಕೆ 2017ರಲ್ಲಿ 3 ಕೋಟಿ, 2018ರಲ್ಲಿ 40 ಲಕ್ಷ, 2022ರಲ್ಲಿ 4 ಕೋಟಿ. 2024ರ ಋತುವಿನಲ್ಲಿ 19 ವಿಕೆಟ್ ಪಡೆದ ಮೇಲೆ, ಅದೇ ವರ್ಷದ ನವೆಂಬರಿನಲ್ಲಿ ಜೆಡ್ಡಾದಲ್ಲಿ ನಡೆದ ಹರಾಜಿನಲ್ಲಿ ದೆಹಲಿ ತಂಡದಿಂದ 10.75 ಕೋಟಿ. ಇಷ್ಟು ತೆತ್ತು ಕೊಂಡವರು ಮರುವರ್ಷದ ಬಹುತೇಕ ಪಂದ್ಯಗಳಲ್ಲಿ ಅವರನ್ನು ಹೊರಗೇ ಕೂರಿಸಿದರು. ಅಮೆರಿಕದ ಸ್ನ್ಯಾಪರನ ಸ್ಥಿತಿ ಇದಕ್ಕೆ ವಿಲೋಮ. ಅವನ ಸಂಬಳ ತಂಡದ ಪಟ್ಟಿಯಲ್ಲಿ ಕೆಳಗಿನ ಕಡೆಗಿರುತ್ತದೆ. ಆದರೆ ನಂಬಿಕೆ ಗಳಿಸಿದವನನ್ನು ಯಾರೂ ಅಲುಗಿಸುವುದಿಲ್ಲ. ಪ್ಯಾಟ್ರಿಕ್ ಮ್ಯಾನೆಲಿ ಅವರು 1998ರಿಂದ 16 ಋತುಗಳ ಕಾಲ ಶಿಕಾಗೋ ಬೇರ್ಸ್ ತಂಡವೊಂದರಲ್ಲಿಯೇ ಇದ್ದು 245 ಪಂದ್ಯಗಳನ್ನಾಡಿದರು; ಆ ಪ್ರಾಚೀನ ತಂಡದ ಮಹಾಮಹಿಮರಲ್ಲಿ ಯಾರೂ ಅಷ್ಟು ಪಂದ್ಯಗಳನ್ನು ಆಡಿರಲಿಲ್ಲ. ಕಾಲೇಜುಗಳ ಅತ್ಯುತ್ತಮ ಸ್ನ್ಯಾಪರನಿಗೆ ಈಗ ಅವರ ಹೆಸರಿನ ಪ್ರಶಸ್ತಿಯೇ ಇದೆ. ಡಿಟ್ರಾಯಿಟಿನ ಡಾನ್ ಮುಲ್‌ಬಾಕ್ 2004ರಿಂದ 2020ರವರೆಗೆ ಒಂದೇ ತಂಡಕ್ಕೆ 260 ಪಂದ್ಯಗಳಲ್ಲಿ ದುಡಿದರು. ಒಂದೇ ವಿದ್ಯೆಯುಳ್ಳವನಿಗೆ ಬೇಕಾದದ್ದು ಬೆಲೆಗಿಂತ ನೆಲೆ. ನೆಲೆಯಿಲ್ಲದ ಬೆಲೆ ಹರಾಜಿನ ಸಂಜೆಯ ಸುದ್ದಿಯಷ್ಟೆ.

ನೆಲೆಯನ್ನು ಬೇರೆಯವರು ಕೊಡದಿದ್ದಾಗ ತಾವೇ ಕಟ್ಟಿಕೊಂಡದ್ದು ಈ ಊರಿನವರ ಹಿರಿಮೆ. ನಟರಾಜನ್ ಅವರೂ ಜಯಪ್ರಕಾಶರೂ ಚಿನ್ನಪ್ಪಂಪಟ್ಟಿಯಲ್ಲಿ ಕಲಿಸಿದ ಹುಡುಗರಲ್ಲಿ ಜಿ. ಪೆರಿಯಸಾಮಿ 2019ರ ತಮಿಳುನಾಡು ಪ್ರೀಮಿಯರ್ ಲೀಗಿನ ಫೈನಲಿನಲ್ಲಿ 15 ರನ್ನಿಗೆ 5 ವಿಕೆಟ್ ಪಡೆದು ಚೆಪಾಕ್ ತಂಡವನ್ನು ಗೆಲ್ಲಿಸಿದರು. 2023ರ ಜೂನ್ 23ರಂದು ನಟರಾಜನ್ ಅವರ ಹೆಸರಿನ ಕ್ರಿಕೆಟ್ ಮೈದಾನವನ್ನು ದಿನೇಶ್ ಕಾರ್ತಿಕ್ ಅಲ್ಲಿ ಉದ್ಘಾಟಿಸಿದರು. ಸೇಲಂನ ಇನ್ನೊಂದು ದಿಕ್ಕಿನಲ್ಲಿ, ವಾಳಪ್ಪಾಡಿಯ ಬಳಿ, 2020ರ ಫೆಬ್ರುವರಿಯಲ್ಲಿ ನಮ್ಮ ರಾಹುಲ್ ದ್ರಾವಿಡ್ ಅವರ ಸಮ್ಮುಖದಲ್ಲಿ ಆರಂಭವಾದ ಮೈದಾನದಲ್ಲಿ ಈಗ ರಾಜ್ಯಮಟ್ಟದ ಲೀಗಿನ ಪಂದ್ಯಗಳೂ ನಡೆದಿವೆ.

ದೇಶದ ತಂಡದಲ್ಲಿ ಮಾತ್ರ ನೆಲೆ ಸಿಗಲಿಲ್ಲ. 2021ರ ಏಪ್ರಿಲಿನ ಮೊಣಕಾಲ ಶಸ್ತ್ರಚಿಕಿತ್ಸೆ ಅದಕ್ಕೆ ಒಂದು ಕಾರಣವೆಂಬುದನ್ನು ಒಪ್ಪಲೇಬೇಕು. ಆದರೆ ಗುಣವಾಗಿ ಬಂದು 2022ರಲ್ಲಿ 11 ಪಂದ್ಯಗಳಲ್ಲಿ 18 ವಿಕೆಟ್, 2024ರಲ್ಲಿ 19 ವಿಕೆಟ್ ಪಡೆದರೂ ಎರಡು ವರ್ಷಗಳ ವಿಶ್ವಕಪ್ ಪಟ್ಟಿಯಲ್ಲಿಯೂ ಅವರ ಹೆಸರು ಬರಲಿಲ್ಲ. ಆಯ್ಕೆದಾರರನ್ನು ದೂಷಿಸುವುದು ಸುಲಭ. ಅವರು ಹದಿನೈದು ಸ್ಥಾನಗಳಲ್ಲಿ ಇಡೀ ದೇಶವನ್ನು ತೂಗಿಸಬೇಕಾದವರು. ಆದಾಗ್ಯೂ ‘ಇದರ ಜೊತೆಗೆ ಇನ್ನೇನು ಬಲ್ಲೆ’ ಎಂಬ ಪ್ರಶ್ನೆಯನ್ನು ನಾವು ಕೊನೆಯ ಓವರಿನವನಿಗೆ ಕೇಳುವುದು ತಪ್ಪೆಂದೇ ನನ್ನ ಅಭಿಪ್ರಾಯ. ಅವನಿಗೆ ಕೇಳಬೇಕಾದದ್ದು ಆ ಓವರಿನ ಫಲವೇನಾಯಿತೆಂಬುದನ್ನು.

2021ರ ಮಾರ್ಚ್ 28ರಂದು ಪುಣೆಯಲ್ಲಿ ಇಂಗ್ಲೆಂಡಿನ ಎದುರಿಗೆ ಸರಣಿಯ ಕೊನೆಯ ಏಕದಿನ ಪಂದ್ಯ ನಡೆಯಿತು. ಭಾರತದ ಮೊತ್ತ 329. ತಂಡ ಕುಸಿದಾಗ ಒಬ್ಬರೇ ನಿಂತು ತೊಂಬತ್ತು ಮುಟ್ಟಿದ್ದ ಸ್ಯಾಮ್ ಕರನ್ ಅವರ ಮುಂದೆ, ಕೊನೆಯ ಆರು ಎಸೆತಗಳಲ್ಲಿ ಇಂಗ್ಲೆಂಡಿಗೆ ಬೇಕಾಗಿದ್ದುದು 14 ರನ್. ನಾಯಕ ಕೊಹ್ಲಿ ಚೆಂಡನ್ನು ನಟರಾಜನ್ ಅವರಿಗೆ ಕೊಟ್ಟರು. ಆ ಓವರಿನಲ್ಲಿ ಬಂದದ್ದು 6 ರನ್. ಕರನ್ 95ಕ್ಕೆ ಅಜೇಯರಾಗಿ ಉಳಿದರು. ಭಾರತ 7 ರನ್ನುಗಳಿಂದ ಗೆದ್ದು ಸರಣಿಯನ್ನೂ ಗೆದ್ದುಕೊಂಡಿತು. ಒಂದು ಟೆಸ್ಟ್, ಎರಡು ಏಕದಿನ, ನಾಲ್ಕು ಟಿ-20, ಹೀಗೆ ಏಳು ಪಂದ್ಯಗಳ ಅವರ ಅಂತರರಾಷ್ಟ್ರೀಯ ಜೀವನದಲ್ಲಿ ಇದುವರೆಗಿನ ಕಡೆಯ ಪಂದ್ಯ ಅದೇ.